ಮೂರು ವರ್ಷದ ಮಗನಿಗೆ ಸ್ಪೀಚ್ ಥೆರಪಿ: ತುಮಕೂರಲ್ಲಿ ಕೊಡಿಸಿದವರು ದಯವಿಟ್ಟು ಅನುಭವ ಹೇಳಿ

ಬಟವಾಡಿ ಅಮ್ಮ:
ಮಗನಿಗೆ ಮೂರು ತುಂಬಿತು. ಅಮ್ಮ, ತಾತ, ಬೌ ಬೌ, ಇಷ್ಟೇ ಮಾತು. ಬೆರಾ ಟೆಸ್ಟ್ ಆಯ್ತು, ಕಿವಿ ಸರಿಯಿದೆ. ಇಲ್ಲೊಂದು ಸೆಂಟರಲ್ಲಿ 45 ನಿಮಿಷಕ್ಕೆ 500, ವಾರಕ್ಕೆ ಮೂರು ಸಲ ಬನ್ನಿ ಅಂತಾರೆ. ಮನೆಯವರು ವಸಂತನರಸಾಪುರದಲ್ಲಿ ಕೆಲಸ, ಸಂಬಳ 28 ಸಾವಿರ. ಇಲ್ಲೇ ಸಾಕಾ, ಬೆಂಗಳೂರಿಗೇ ಹೋಗ್ಬೇಕಾ?

ಗುಬ್ಬಿ ಅಪ್ಪ:
ಪ್ಯಾಕೇಜ್ ಅಂದ್ರೆ ದುಡ್ಡು ಬಿಚ್ಚಲೇಬೇಡಿ ಮೇಡಂ. 2022ರಲ್ಲಿ ಮಗಳಿಗೆ 24 ಸೆಷನ್‌ಗೆ 14,400 ಒಟ್ಟಿಗೆ ಕಟ್ಟಿದೆ. ಒಂಬತ್ತು ಸೆಷನ್ ಆಗೋ ಹೊತ್ತಿಗೆ ಥೆರಪಿಸ್ಟ್ ಮದುವೆಯಾಗಿ ಊರು ಬಿಟ್ರು. ಬದಲಿಗೆ ಬಂದವರ ಆರ್‌ಸಿಐ ನಂಬರ್, ಅಂದ್ರೆ ಭಾರತೀಯ ಪುನರ್ವಸತಿ ಮಂಡಳೀಲಿ ಥೆರಪಿಸ್ಟ್ ನೋಂದಣಿ ಆಗಿರೋ ನಂಬರ್, ಕೇಳಿದ್ರೆ "ಇನ್ನೂ ಬರಬೇಕು ಸರ್" ಅಂದ್ರು. ಮಗಳು ಅವರನ್ನ ಕಂಡ್ರೆ ಮೇಜಿನ ಕೆಳಗೆ ಸೇರ್ಕೊಳ್ಳೋಳು. ಉಳಿದ 15 ಸೆಷನ್ನಿನ 9,000ಕ್ಕೆ ಹನ್ನೊಂದು ಸಲ ಅಲೆದೆ, ಇವತ್ತಿಗೂ ಬಂದಿಲ್ಲ. ಆಮೇಲೆ ಬೆಂಗಳೂರು. ವಾರಕ್ಕೆರಡು ದಿನ, ಸೆಷನ್‌ಗೆ 900, ಗೊರಗುಂಟೆಪಾಳ್ಯದಲ್ಲಿಳಿದು ಆಟೋಗೆ 180, ಬರುವಾಗ ಮತ್ತೆ 180. ಹತ್ತು ತಿಂಗಳಿಗೆ ಫೀಸೇ 72,000, ಆಟೋ 28,800. ಬಸ್ಸು, ಊಟ, ಸಂಬಳ ಕಟ್ಟಾಗಿದ್ದು ಬೇರೆ. ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೀನಿ. ಈಗ ಮಗಳು ಅವರಜ್ಜಿ ಜೊತೆ ಜಗಳಕ್ಕೆ ನಿಲ್ತಾಳೆ. ಬೆಂಗಳೂರಿಗೆ ಸುರಿದಿದ್ದರಲ್ಲಿ ಒಂದು ರೂಪಾಯಿಗೂ ನಂಗೆ ಬೇಜಾರಿಲ್ಲ.

ಶಿರಾಗೇಟ್ ಟೀಚರ್:
ಅಷ್ಟು ಸುರಿಯೋ ಮೊದಲು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಯಾಕೆ ಹೋಗ್ಲಿಲ್ಲ? 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ನಾನು ಅತಿಥಿ ಶಿಕ್ಷಕಿ ಕೆಲಸ ಬಿಟ್ಟು ನಾಲ್ಕು ತಿಂಗಳು ಅಲ್ಲೇ ರೂಮ್ ಮಾಡಿದ್ದೆ, ಬಾಡಿಗೆ 5,000. ನನ್ನನ್ನೂ ಮಗನ ಪಕ್ಕ ಕೂರಿಸಿ ಕಲಿಸಿದ್ರು. "ಬಾಳೆಹಣ್ಣಾ, ಬಿಸ್ಕತ್ತಾ?" ಅಂತ ಎರಡು ಕೈಯಲ್ಲೂ ತೋರಿಸಿ, ಮನಸ್ಸಲ್ಲೇ ಐದರವರೆಗೆ ಎಣಿಸ್ತಾ ಸುಮ್ಮನಿರಬೇಕು. ಅದೇ ನಂಗೆ ಆಗ್ತಿರ್ಲಿಲ್ಲ, ಅವನು ಬಾಯಿ ತೆರೆಯೋ ಮೊದ್ಲೇ ನಾನೇ ಹೇಳಿಬಿಡ್ತಿದ್ದೆ. ಇಪ್ಪತ್ಮೂರನೇ ದಿನ "ಬಾಯೆ" ಅಂದ. ಅಪ್ಪಂದಿರು ನೋಟ್‌ಬುಕ್ ಇಡ್ತಾರೆ. ನಾನು ಬಿಟ್ಟ ಕೆಲಸ ಯಾರ ನೋಟ್‌ಬುಕ್ಕಲ್ಲೂ ಇಲ್ಲ.

ಗುಬ್ಬಿ ಅಪ್ಪ:
ಟೀಚರಮ್ಮ, ನಮ್ಮ ಮನೆಯವಳಿಗೆ ಆಗ ಎರಡನೇ ಬಾಣಂತನ. ಮಗಳನ್ನ ಎತ್ಕೊಂಡು ಬಸ್ ಹತ್ತಿದ್ದು ನಾನು. ಅಪ್ಪಂದಿರು ಅಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ಪಾವಗಡದವಳು:
ನಮ್ಮನೇಲಿ ತೆಲುಗು, ಬೀದೀಲಿ ಕನ್ನಡ. ಎರಡು ಭಾಷೆ ಕಿವಿಗೆ ಬಿದ್ದೇ ಮಗು ಮಾತಾಡ್ತಿಲ್ಲ, ತೆಲುಗು ನಿಲ್ಲಿಸಿ ಅಂದ್ರು ಒಬ್ಬ ಡಾಕ್ಟರ್. ನಮ್ಮತ್ತೆಗೆ ಬರೋದೇ ತೆಲುಗು. ಒಂದು ವರ್ಷ ಮೊಮ್ಮಗನ ಹತ್ರ ಅವರು ತುಟಿ ಬಿಚ್ಚಲಿಲ್ಲ, ತಲೆ ಸವರಿ ಎದ್ದು ಹೋಗೋರು. ಎರಡು ಭಾಷೆಯಿಂದ ಮಾತು ತಡ ಆಗಲ್ಲ ಅಂತ ಆಮೇಲೆ ಥೆರಪಿಸ್ಟ್ ಹೇಳಿದ್ರು. ಆ ವರ್ಷ ಯಾರು ವಾಪಸ್ ಕೊಡ್ತಾರೆ?

ತಿಪಟೂರು ಕಾಯಿ ವ್ಯಾಪಾರಿ:
ಬಜೆ ತೇಯ್ದು ಜೇನಲ್ಲಿ ನಾಲಿಗೆಗೆ ಹಚ್ಚಿ. ನಮ್ಮ ಮನೇಲಿ ಮೂವರೂ ಹಾಗೇ ಮಾತು ಕಲಿತಿದ್ದು. ದುಡ್ಡಿಗೆ ನಿರಾಮಯ ವಿಮೆ ಮಾಡ್ಸಿ, 1 ಲಕ್ಷದವರೆಗೆ ಇದೆ.

ಶಿರಾಗೇಟ್ ಟೀಚರ್:
ಅಣ್ಣ, ಗೊತ್ತಿಲ್ದೆ ಆಸೆ ಹುಟ್ಟಿಸ್ಬೇಡಿ. ನಿರಾಮಯ ಇರೋದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವಿಕಲತೆ ಇರೋರಿಗೆ. ಬರೀ ಮಾತು ತಡ ಅಂದ್ರೆ ಬರಲ್ಲ. ಇನ್ನು ಬಜೆ! ನಮ್ಮಮ್ಮನ ಮಾತು ಕೇಳಿ ಬಜೆ ಹಚ್ಕೊಂಡೇ ಎಂಟು ತಿಂಗಳು ಕಳೆದೆ. ಎರಡು ವರ್ಷಕ್ಕೇ ಹೋಗ್ಬೇಕಾಗಿದ್ದು, ಹೋದಾಗ ಎರಡೂಮುಕ್ಕಾಲು.

ತಿಪಟೂರು ಕಾಯಿ ವ್ಯಾಪಾರಿ:
ನಿಮ್ಮಮ್ಮ ಹಚ್ಚಿದ್ದು ಸರಿಯಿರ್ಲಿಲ್ಲ ಅಂದ್ರೆ ಬಜೆ ಏನ್ಮಾಡುತ್ತೆ?

ಪಾವಗಡದವಳು:
ಸತ್ತವರ ವಿಷಯ ಬೇಡ ಅಣ್ಣ. ಟೀಚರ್ ಅವರಮ್ಮ ಹೋಗಿ ಇನ್ನೂ ವರ್ಷ ಆಗಿಲ್ಲ.

ತಿಪಟೂರು ಕಾಯಿ ವ್ಯಾಪಾರಿ:
ಗೊತ್ತಿರ್ಲಿಲ್ಲ ಕಣಮ್ಮ. ತಪ್ಪಾಯ್ತು. ಆದ್ರೂ ಬಜೆ ಬಗ್ಗೆ ನನ್ನ ಮಾತು ಅದೇ.

ಬಟವಾಡಿ ಅಮ್ಮ:
ನಾಳೆ ಹತ್ತು ಗಂಟೆಗೆ ಸೆಂಟರಿಗೆ ಹೋಗ್ತಿದ್ದೀನಿ. ಆರ್‌ಸಿಐ ನಂಬರ್ ಕೇಳ್ತೀನಿ, ಒಟ್ಟಿಗೆ ದುಡ್ಡು ಕಟ್ಟಲ್ಲ. ಒಂದು ಸಲಕ್ಕೆ 500 ನಮ್ಮೂರಿಗೆ ಜಾಸ್ತೀನಾ? ದಯವಿಟ್ಟು ಅದೊಂದು ಯಾರಾದ್ರೂ ಹೇಳಿ.