ಎಲ್ಲದರಲ್ಲೂ ಮೊದಲಿಗರಾಗಿದ್ದ ಸೋವಿಯತ್ತರು ಚಂದ್ರನ ಮೇಲೆ ಇಳಿಯಲಾಗದ್ದು ಏಕೆ?

ವಿಜ್ಞಾನ ಶಿಕ್ಷಕಿ, ಜಮಖಂಡಿ

ನಮ್ಮ ಪ್ರೌಢಶಾಲೆಯ ಮಕ್ಕಳು ಬಾಹ್ಯಾಕಾಶ ಯಾನದ ಆರಂಭದ ವರ್ಷಗಳ ಕುರಿತು ಒಂದು ಭಿತ್ತಿಪತ್ರಿಕೆಯನ್ನು ಸಿದ್ಧಪಡಿಸುತ್ತಿದ್ದಾರೆ. ಘಟನೆಗಳನ್ನು ಎರಡು ಅಂಕಣಗಳಲ್ಲಿ ಬರೆಯುತ್ತ ಹೋದಂತೆ ಸೋವಿಯತ್ ಅಂಕಣವೇ ಬೇಗ ತುಂಬಿತು: 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್, 1961ರ ಏಪ್ರಿಲ್ 12ರಂದು 108 ನಿಮಿಷಗಳ ಯಾನದಲ್ಲಿ ಭೂಮಿಯನ್ನು ಸುತ್ತಿ ಬಂದ ಯೂರಿ ಗಗಾರಿನ್, 1963ರಲ್ಲಿ ಬಾಹ್ಯಾಕಾಶಕ್ಕೇರಿದ ಮೊದಲ ಮಹಿಳೆ ವಲೆಂಟಿನಾ ತೆರೆಶ್ಕೋವಾ, 1965ರ ಮಾರ್ಚ್‌ನಲ್ಲಿ ನೌಕೆಯಿಂದ ಹೊರಬಂದು ತೇಲಿದ ಅಲೆಕ್ಸಿ ಲಿಯೊನೊವ್, 1966ರ ಫೆಬ್ರುವರಿಯಲ್ಲಿ ಚಂದ್ರನ ಮೇಲೆ ಮೆಲ್ಲಗೆ ಇಳಿದ ಲೂನಾ 9. ಇಷ್ಟು ಮುಂದಿದ್ದವರು 1969ರಲ್ಲಿ ಹಿಂದೆ ಬಿದ್ದದ್ದು ಹೇಗೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪ್ರಧಾನ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೊವ್ 1966ರ ಜನವರಿಯಲ್ಲಿ ತೀರಿಕೊಂಡದ್ದೇ ಕಾರಣವೆಂದು ಹಲವೆಡೆ ಓದಿದ್ದೇನೆ. ಒಬ್ಬರ ಸಾವಿನಿಂದ ಅಷ್ಟು ದೊಡ್ಡ ದೇಶದ ಯೋಜನೆ ನೆಲಕಚ್ಚಿತು ಎಂಬುದನ್ನು ಆ ಹುಡುಗಿ ಒಪ್ಪಲಿಲ್ಲ. ನನಗೂ ಅದು ಸಾಲದೆನಿಸುತ್ತದೆ. ತಿಳಿದವರು ವಿವರಿಸಬೇಕೆಂದು ವಿನಂತಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ

ಮೇಡಂ, ಆ ವಿದ್ಯಾರ್ಥಿನಿಯ ಸಂದೇಹ ಸರಿಯಾಗಿದೆ. ಯೋಜನೆ ಕೊರೊಲ್ಯೊವ್ ಬದುಕಿದ್ದಾಗಲೇ ಹಿಂದುಳಿದಿತ್ತು. ಅಧ್ಯಕ್ಷ ಕೆನಡಿ ಚಂದ್ರನ ಗುರಿಯನ್ನು ಅಮೆರಿಕದ ಸಂಸತ್ತಿನ ಮುಂದಿಟ್ಟದ್ದು 1961ರ ಮೇ 25ರಂದು. ಆ ಹೊತ್ತಿಗೆ ಅವರ ದೇಶಕ್ಕಿದ್ದ ಮಾನವಯಾನದ ಅನುಭವವೆಂದರೆ ಅಲನ್ ಷೆಪರ್ಡ್ ಅವರ ಸುಮಾರು 15 ನಿಮಿಷಗಳ ಹಾರಾಟ ಮಾತ್ರ. ಆದರೂ ಗುರಿ ಸ್ಪಷ್ಟವಾಗಿತ್ತು. ಮಾಸ್ಕೋ ಅಂಥದೇ ತೀರ್ಮಾನವನ್ನು ಅಧಿಕೃತವಾಗಿ ಕೈಗೊಂಡದ್ದು 1964ರ ಆಗಸ್ಟ್‌ನಲ್ಲಿ, ಮೂರು ವರ್ಷ ತಡವಾಗಿ. ತಡವಾದ ಕೆಲಸವನ್ನೂ ಹೋಳು ಮಾಡಲಾಯಿತು: ಚಂದ್ರನನ್ನು ಸುತ್ತಿ ಬರುವ ಯಾನ ಚೆಲೊಮೆಯ್ ಅವರ ವಿನ್ಯಾಸ ಕಚೇರಿಗೆ, ಇಳಿಯುವ ಯಾನ ಕೊರೊಲ್ಯೊವ್ ಅವರ ಕಚೇರಿಗೆ.

ಇನ್ನೂ ದೊಡ್ಡ ಒಡಕು ಎಂಜಿನ್ನಿನ ವಿಷಯದಲ್ಲಿ ಮೂಡಿತು. ದೇಶದ ಅಗ್ರಗಣ್ಯ ರಾಕೆಟ್ ಎಂಜಿನ್ ತಜ್ಞ ವಲೆಂಟಿನ್ ಗ್ಲುಷ್ಕೊ, ಒಂದನ್ನೊಂದು ತಾಕಿದೊಡನೆ ತಾವೇ ಹೊತ್ತಿಕೊಳ್ಳುವ ವಿಷಕಾರಿ ದ್ರವಗಳನ್ನೇ ಬಳಸಬೇಕೆಂದರು; ಕೊರೊಲ್ಯೊವ್ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಬಿಟ್ಟುಕೊಡಲಿಲ್ಲ. 1930ರ ದಶಕದಿಂದ ಪರಸ್ಪರ ಬಲ್ಲ, 1938ರಲ್ಲಿ ಸ್ಟಾಲಿನ್ ಆಡಳಿತದ ಕೈಯಲ್ಲಿ ಇಬ್ಬರೂ ಬಂಧನಕ್ಕೊಳಗಾಗಿದ್ದ ಈ ಇಬ್ಬರು ಕೊನೆಗೂ ರಾಜಿಯಾಗಲಿಲ್ಲ ಎಂಬುದು ಇಡೀ ಕಥೆಯಲ್ಲಿ ನನಗೆ ಅತ್ಯಂತ ನೋವಿನ ಭಾಗ. ಎಂಜಿನ್ ತಯಾರಿಕೆ ವಿಮಾನದ ಎಂಜಿನ್ ಮಾಡುತ್ತಿದ್ದ ಕುಜ್ನೆತ್ಸೊವ್ ಅವರ ಪಾಲಿಗೆ ಬಂತು. ಅವರ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವಾದ್ದರಿಂದ ಸೋವಿಯತ್ತರ ಚಂದ್ರಯಾನದ ರಾಕೆಟ್ಟಾದ ಎನ್1ರ ಮೊದಲ ಹಂತವೊಂದಕ್ಕೇ 30 ಎಂಜಿನ್ ಬೇಕಾದವು. ಅಮೆರಿಕದ ಸ್ಯಾಟರ್ನ್ 5ಕ್ಕೆ ಆ ಜಾಗದಲ್ಲಿದ್ದದ್ದು ಐದು.

ನಿಮ್ಮ ಅಂಕಣಗಳಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ಲಿಯೊನೊವ್ ಹಾರಾಟದ ನಂತರ 1967ರ ಏಪ್ರಿಲ್‌ವರೆಗೆ ಒಬ್ಬ ಸೋವಿಯತ್ ಯಾನಿಯೂ ಮೇಲೇರಲಿಲ್ಲ. ಅದೇ ಅವಧಿಯಲ್ಲಿ ಅಮೆರಿಕ ಜೆಮಿನಿ ಎಂಬ ಇಬ್ಬರು ಕೂರುವ ನೌಕೆಯ ಹತ್ತು ಮಾನವಯಾನಗಳನ್ನು ಮುಗಿಸಿ, ಕಕ್ಷೆಯಲ್ಲಿ ಎರಡು ನೌಕೆಗಳನ್ನು ಹತ್ತಿರ ತರುವುದನ್ನೂ ಜೋಡಿಸುವುದನ್ನೂ ಕಲಿತಿತು. ಆ ವಿದ್ಯೆಯಿಲ್ಲದೆ ಚಂದ್ರನಿಂದ ಮೇಲೇರಿದವರು ತಾಯಿನೌಕೆಗೆ ಮರಳಲಾರರು.

ಫೌಂಡ್ರಿ ಉದ್ಯೋಗಿ, ಉದ್ಯಮಬಾಗ, ಬೆಳಗಾವಿ

ಸರ್ ಹೇಳಿದ್ದಕ್ಕೆ ಪರೀಕ್ಷೆಯ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಸೋಲು ನಿಶ್ಚಯವಾದದ್ದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಸ್ಯಾಟರ್ನ್ 5ರ ಎಫ್-1 ಎಂಜಿನ್ ಕೂಡ ಮೊದಲು ಕಾಡಿತ್ತು. ಒಳಗಿನ ಉರಿ ಹತೋಟಿ ತಪ್ಪಿ ಕಂಪಿಸಿ ಎಂಜಿನ್ ಒಡೆಯುತ್ತಿತ್ತು. ಎಂಜಿನಿಯರುಗಳು ಉರಿಯುತ್ತಿರುವ ಎಂಜಿನ್ನಿನೊಳಗೆ ಬೇಕೆಂದೇ ಸಣ್ಣ ಬಾಂಬುಗಳನ್ನು ಸಿಡಿಸಿ, ಆ ಕಂಪನ ತಾನಾಗಿ ಅಡಗುವವರೆಗೂ ವಿನ್ಯಾಸವನ್ನು ತಿದ್ದಿದರು. ಬಳಿಕ ಐದೂ ಎಂಜಿನ್ ಜೋಡಿಸಿದ ಇಡೀ ಮೊದಲ ಹಂತವನ್ನು ನೆಲದ ಮೇಲೆ ಕಟ್ಟಿಹಾಕಿ ಉರಿಸಿ ನೋಡಿದರು.

ಎನ್1ರ ಮೊದಲ ಹಂತವನ್ನು ಹಾಗೆ ಒಟ್ಟಾಗಿ ಒಮ್ಮೆಯೂ ಉರಿಸಿ ನೋಡಲಿಲ್ಲ. ಅದಕ್ಕೆ ಬೇಕಾದ ಪರೀಕ್ಷಾಕಟ್ಟೆಯನ್ನೇ ಕಟ್ಟಿರಲಿಲ್ಲ. ಅದರ ಎಂಜಿನ್ನುಗಳು ಒಮ್ಮೆ ಉರಿಸಿದರೆ ಮತ್ತೆ ಬಳಕೆಗೆ ಬಾರದಂತಿದ್ದವು. ಹೀಗಾಗಿ ಒಟ್ಟಿಗೆ ತಯಾರಾದ ಪ್ರತಿ ಗುಂಪಿನಿಂದ ಕೆಲವನ್ನು ಆರಿಸಿ ಪರೀಕ್ಷಿಸಿ, ಉಳಿದವನ್ನು ನಂಬಿ ರಾಕೆಟ್ಟಿಗೆ ಕೂಡಿಸುತ್ತಿದ್ದರು. ಎರಕದ ಕೆಲಸ ಬಲ್ಲವರಿಗೆ ಇದರ ಅಪಾಯ ಗೊತ್ತು: ಒಡೆದು ನೋಡಿದ ತುಂಡು ಚೊಕ್ಕವಾಗಿದ್ದರೂ ಪಕ್ಕದ್ದರಲ್ಲಿ ಗಾಳಿಗುಳ್ಳೆ ಇರಬಹುದು. 1969ರ ಫೆಬ್ರುವರಿಯಲ್ಲಿ ಮೊದಲ ಎನ್1 ಸುಮಾರು ಒಂದು ನಿಮಿಷ ಹಾರಿ ಬಿತ್ತು. ಜುಲೈ 3ರಂದು ಎರಡನೆಯದು ಉಡಾವಣಾ ಕಟ್ಟೆಯ ಮೇಲೆಯೇ ಕುಸಿದು ಕಟ್ಟೆಯನ್ನೂ ನಾಶಮಾಡಿತು. ಅಪೊಲೊ 11 ಹೊರಟದ್ದು ಅದೇ ಜುಲೈ 16ರಂದು.

ವಿಜ್ಞಾನ ಶಿಕ್ಷಕಿ, ಜಮಖಂಡಿ

ಇಬ್ಬರಿಗೂ ಧನ್ಯವಾದಗಳು. ಒಂದು ವಿಷಯ ಕೇಳಬೇಕು: ಅಮೆರಿಕದವರೂ ಪರೀಕ್ಷೆಯ ವೇಳೆಯಲ್ಲೇ ಯಾನಿಗಳನ್ನು ಕಳೆದುಕೊಂಡರಲ್ಲವೇ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ

ಹೌದು. 1967ರ ಜನವರಿ 27ರಂದು ಅಪೊಲೊ 1ರ ನೆಲದ ಮೇಲಿನ ಅಭ್ಯಾಸದಲ್ಲಿ, ಶುದ್ಧ ಆಮ್ಲಜನಕ ತುಂಬಿದ್ದ ಕೋಣೆಗೆ ಬೆಂಕಿ ಹತ್ತಿ ಗ್ರಿಸಮ್, ವೈಟ್, ಚಾಫಿ ಮೂವರೂ ತೀರಿಕೊಂಡರು. ಆ ಏಪ್ರಿಲ್‌ನಲ್ಲಿ ಸೊಯುಜ್ 1ರ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ವ್ಲಾದಿಮಿರ್ ಕೊಮರೊವ್ ಮಡಿದರು. ನಾಲ್ವರ ಹೆಸರನ್ನೂ ಭಿತ್ತಿಪತ್ರಿಕೆಯಲ್ಲಿ ಸೇರಿಸಿ. ಸೋವಿಯತ್ ಅಂಕಣದಲ್ಲಿ 1969ರ ಜುಲೈಗೆ ಲೂನಾ 15 ಎಂದು ಬರೆಯಬಹುದು: ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇನ್ನೂ ಚಂದ್ರನ ನೆಲದ ಮೇಲಿದ್ದಾಗಲೇ, ಮಣ್ಣು ತರಲೆಂದು ಹೋಗಿದ್ದ ಆ ಮಾನವರಹಿತ ನೌಕೆ ಅಪ್ಪಳಿಸಿ ಬಿತ್ತು. ಮರುವರ್ಷ ಲೂನಾ 16 ಆ ಕೆಲಸವನ್ನು ಮಾಡಿ ಸುಮಾರು 100 ಗ್ರಾಂ ಮಣ್ಣನ್ನು ಭೂಮಿಗೆ ತಂದಿತು.