ಬೇಸ್‌ಮೆಂಟ್ ಗೋಡೆ ಬುಡದಲ್ಲಿ ಸುತ್ತಲೂ ತೆರೆದ ಕಾಲುವೆ: ನೆಲ ಎರಡನೇ ಸಲ ಎದ್ದು ಬಂದಿದೆ

ನೆಲದಡಿಮನೆ:
ಸಾಕಾಗಿ ಹೋಗಿದೆ. ಬೇಸ್‌ಮೆಂಟ್‌ಗೆ ಹಾಕಿದ ವಿನೈಲ್ ಎರಡನೇ ಸಲ ಎದ್ದಿದೆ. ಮೊದಲ ಸಲ ಗೋಂದು ಸರಿಯಿಲ್ಲ ಅಂದುಕೊಂಡು ಬೇರೆ ತಂದು ಅಂಟಿಸಿದೆ, ಈಗ ಅದೂ ಬಿಟ್ಟಿದೆ. ಪಟ್ಟಿ ಎತ್ತಿ ನೋಡಿದರೆ ಗೋಂದು ಬೆಳ್ಳಗೆ ಮೆತ್ತಗಾಗಿ ಬೆರಳಿಗೆ ಎಳೆಎಳೆಯಾಗಿ ಬರುತ್ತೆ. ಗೋಡೆ ಬುಡದಲ್ಲಿ ಸುತ್ತಲೂ ಮೂರು ಇಂಚು ಅಗಲದ ತೆರೆದ ಕಾಲುವೆ ಇದೆ, ಮನೆ ಕಟ್ಟಿದವರೇ ಬಿಟ್ಟಿದ್ದು. ಅದರ ಅಂಚಿಗೆ ನೆಲ ಹೇಗೆ ಮುಗಿಸೋದು? ಯಾವ ಗೋಂದು ನಿಲ್ಲುತ್ತೆ? ಬೇಗ ಹೇಳಿ, ಮುಂದಿನ ವಾರ ಸಾಮಾನು ಇಳಿಸಬೇಕು.

ಹಬೆಹನಿ:
ನೂರಕ್ಕೆ ನೂರು ಕಂಡೆನ್ಸೇಶನ್. ನೆಲ ತಣ್ಣಗಿರುತ್ತೆ, ಮೇಲಿಂದ ಬಿಸಿ ಗಾಳಿ ಇಳಿದರೆ ಹನಿ ಕಟ್ಟುತ್ತೆ. ಡೀಹ್ಯುಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ) ಇಟ್ಟು ತೇವಾಂಶ ಶೇ. 50ರ ಆಸುಪಾಸಿಗೆ ತನ್ನಿ, ಗೋಂದು ತಾನಾಗೇ ಹಿಡಿಯುತ್ತೆ.

ರಸಮಟ್ಟ:
ಗೋಂದಿನ ಮಾತು ಆಮೇಲೆ. ಕಾಲುವೆ ಎಲ್ಲಿಗೆ ಹೋಗಿ ಬೀಳುತ್ತೆ? ಸಂಪ್ (ಕಾಲುವೆ ನೀರು ಸೇರೋ ಗುಂಡಿ) ಇದೆಯಾ, ಪಂಪ್ ಓಡುತ್ತಾ? ಕಾಲುವೆ ಎಷ್ಟು ಆಳ, ನೆಲದ ಕಾಂಕ್ರೀಟ್ ಹಾಸಿನ ತಳದವರೆಗೂ ಇಳಿದಿದೆಯಾ? ನೆಲ ಎದ್ದಿರೋದು ಕೋಣೆ ತುಂಬಾನಾ, ಒಂದೇ ಬದಿಗಾ?

ಜೋಡಿಪಂಪು:
ಪಂಪ್ ಮಾತು ಬಂತಲ್ಲ, ನಮ್ಮದು ಹೇಳ್ತೀನಿ. ಒಂದೇ ಗುಂಡಿಯಲ್ಲಿ ಎರಡು ಪಂಪ್. ಎರಡನೆಯದರ ಫ್ಲೋಟ್ ಸ್ವಿಚ್ 15 ಸೆಂ.ಮೀ. ಮೇಲಿದೆ, ಅದು ಬ್ಯಾಟರಿ ಮೇಲೆ ಓಡುತ್ತೆ. ನೀರು ಅಲ್ಲಿಗೆ ಮುಟ್ಟಿದರೆ ಅಲಾರಂ. ಎರಡಕ್ಕೂ ಬೇರೆ ಬೇರೆ ನಾನ್-ರಿಟರ್ನ್ ವಾಲ್ವ್ (ಹೋದ ನೀರು ವಾಪಸ್ ಬರದಂತೆ ತಡೆಯೋದು), ಅದರ ಕೆಳಗೆ ಪೈಪಿನಲ್ಲಿ ಒಂದು ಸಣ್ಣ ತೂತು. ತೂತು ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಂಪ್ ಸುಮ್ಮನೆ ತಿರುಗುತ್ತೆ, ನೀರು ಎತ್ತಲ್ಲ. ಮೂರು ಮಳೆಗಾಲ ಕಳೆದಿದೆ, ಒಂದು ಹನಿ ಮೇಲೆ ಬಂದಿಲ್ಲ. ಬೇಕಾದರೆ ಫೋಟೋ ಹಾಕ್ತೀನಿ.

ನೆಲದಡಿಮನೆ:
ಸಂಪ್ ಇದೆ, ಪಂಪ್ ಓಡುತ್ತೆ. ಮೊದಲಿಗಿಂತ ಕಡಿಮೆ ಓಡ್ತಿದೆ, ಅಂದರೆ ನೀರು ಕಡಿಮೆಯಾಗಿದೆ ಅಂತಲ್ವಾ? ಎದ್ದಿರೋದು ಬಾಗಿಲ ಗೋಡೆ ಕಡೆ. ನಾನು ಕೇಳಿದ್ದು ಅಂಚು ಮುಗಿಸೋದು ಹೇಗೆ ಅಂತ.

ಸ್ಫಟಿಕ:
ಕ್ರಿಸ್ಟಲೈನ್ ಲೇಪನ ಹಚ್ಚಿ. ಕಾಂಕ್ರೀಟಿನ ರಂಧ್ರದೊಳಗೇ ಹರಳು ಬೆಳೆದು ನೀರಿನ ದಾರಿ ಮುಚ್ಚುತ್ತೆ. ಎಪಾಕ್ಸಿ ಅನ್ನೋ ರಾಳದ ಲೇಪನ ಹಾಗಲ್ಲ, ಹಿಂದಿನಿಂದ ನೀರು ತಳ್ಳಿದರೆ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆ ಬರುತ್ತೆ.

ಗಾರೆನೆಲ:
ತೇವ ತಡೆಯೋಕೆ ಅಂತಲೇ ಮಾಡಿದ ಎಪಾಕ್ಸಿ ಪ್ರೈಮರ್ ಇದೆ, ನೆಲ ಉಜ್ಜಿ ಒರಟು ಮಾಡಿ ಹಚ್ಚಿದರೆ ಹಿಡಿಯುತ್ತೆ. ನಿಮ್ಮ ಹರಳು ಅಲುಗಾಡೋ ಬಿರುಕನ್ನು ಮುಚ್ಚಲ್ಲ. ಅದನ್ನು ಯಾಕೆ ಹೇಳಲಿಲ್ಲ?

ಸ್ಫಟಿಕ:
ಇವರ ನೆಲದಲ್ಲಿ ಬಿರುಕಿದೆ ಅಂತ ಯಾರು ಹೇಳಿದರು?

ಗಾರೆನೆಲ:
ಇಲ್ಲ ಅಂತಲೂ ಯಾರೂ ಹೇಳಿಲ್ಲ.

ರಸಮಟ್ಟ:
ಇಬ್ಬರೂ ಒಂದು ನಿಮಿಷ ಇರಿ. ನೆಲದಡಿಮನೆ ಅವರೇ, ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಖಾಲಿ ಕಾಂಕ್ರೀಟ್ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹೊಡೆದು ಬಿಡಿ. ಎಎಸ್‌ಟಿಎಂ ಡಿ4263 (ಈ ಪರೀಕ್ಷೆಯ ಅಮೆರಿಕದ ಮಾನದಂಡ) ಪ್ರಕಾರ ಕನಿಷ್ಠ 16 ಗಂಟೆ, ನೀವು ಪೂರ್ತಿ ಒಂದು ದಿನ ಬಿಡಿ. ಹಾಳೆಯ ಮೇಲೆ ಹನಿ ನಿಂತರೆ ಹಬೆಹನಿ ಅವರು ಹೇಳಿದ್ದು ಸರಿ. ಹಾಳೆಯಡಿ ಒದ್ದೆಯಾದರೆ ನೀರು ಕೆಳಗಿಂದ ಬರ್ತಿದೆ.

ನೆಲದಡಿಮನೆ:
ಎರಡು ಕಡೆ ಇಟ್ಟೆ. ಪಂಪ್ ಹತ್ತಿರದ್ದು ಎರಡೂ ಮೈ ಒಣಗಿದೆ. ಬಾಗಿಲ ಗೋಡೆ ಕಡೆಯದು ಮೇಲೆ ಒಣ, ಅಡಿಯಲ್ಲಿ ಹನಿ ಸಾಲುಗಟ್ಟಿದೆ, ಕಾಂಕ್ರೀಟ್ ಕಪ್ಪಗೆ ತಿರುಗಿದೆ.

ಹಬೆಹನಿ:
ಹಾಳೆಯಡಿ ಸಿಕ್ಕಿಕೊಂಡ ಗಾಳಿಯೇ ಹನಿಗಟ್ಟಿರಬಹುದು. ಯಾವುದಕ್ಕೂ ಡೀಹ್ಯುಮಿಡಿಫೈಯರ್ ಒಂದು ವಾರ ಓಡಿಸಿ ನೋಡಿ.

ರಸಮಟ್ಟ:
ಹಾಳೆಯಡಿಯ ಒಂದು ಹಿಡಿ ಗಾಳಿಯಲ್ಲಿ ಕಾಂಕ್ರೀಟ್ ಕಪ್ಪಾಗುವಷ್ಟು ನೀರಿರಲ್ಲ. ಅದೂ ಅಲ್ಲದೆ ಒಂದೇ ಕೋಣೆ, ಒಂದೇ ಗಾಳಿ, ಒಂದು ಕಡೆ ಮಾತ್ರ ಯಾಕೆ? ಬಾಗಿಲ ಗೋಡೆ ಕಡೆ ಕಾಲುವೆಗೆ ಏನಾದರೂ ಮಾಡಿದ್ದೀರಾ?

ನೆಲದಡಿಮನೆ:
ಅಲ್ಲಿ ಓಡಾಟ ಜಾಸ್ತಿ, ಕಸ ಬೀಳುತ್ತೆ, ಹುಳ ಬರುತ್ತೆ ಅಂತ ಆ ಬದಿ ಪೂರ್ತಿ ಸಿಮೆಂಟ್ ಗಾರೆ ತುಂಬಿ ಮಟ್ಟ ಮಾಡಿದೆ. ವಿನೈಲ್ ಹಾಕೋ ಮೊದಲೇ. ಅದು ಮುಖ್ಯ ಅಂತ ಗೊತ್ತಿರಲಿಲ್ಲ.

ರಸಮಟ್ಟ:
ಪಂಪ್ ಕಡಿಮೆ ಓಡ್ತಿರೋದಕ್ಕೂ ಅದೇ ಕಾರಣ. ನೀರು ಕಡಿಮೆಯಾಗಿಲ್ಲ, ಪಂಪಿಗೆ ಬರೋ ದಾರಿ ಕಟ್ಟಿದೆ. ಗೋಡೆಯಿಂದ ಇಳಿದದ್ದು, ಗೋಡೆ-ನೆಲ ಸೇರೋ ಸಂದಿಯಲ್ಲಿ ಜಿನುಗಿದ್ದು ಎಲ್ಲಾ ಆ ಕಾಲುವೆಗೆ ಬಿದ್ದು ಹೋಗಬೇಕಿತ್ತು. ಈಗ ಹಾಸಿನಡಿ ನಿಂತು ಮೇಲಕ್ಕೆ ತಳ್ಳುತ್ತಿದೆ. ಕಾಂಕ್ರೀಟಿನಿಂದ ಬರೋ ನೀರಿನಲ್ಲಿ ಸುಣ್ಣದ ಕ್ಷಾರ ಇರುತ್ತೆ, ಗೋಂದು ಮೆತ್ತಗಾಗೋದು ಅದರಿಂದಲೇ. 10 ಸೆಂ.ಮೀ. ಹಾಸು ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತೆ. ಹಾಸಿನ ತಳದಿಂದ ಲೆಕ್ಕ ಹಾಕಿದರೆ 24 ಸೆಂ.ಮೀ. ನೀರಿನ ಒತ್ತಡಕ್ಕೆ ಅದು ಸಮ. ಅದಕ್ಕಿಂತ ಏರಿದರೆ ವಿನೈಲ್ ಬಿಡಿ, ಹಾಸೇ ಬಿರಿಯಬಹುದು. ತುಂಬಿದ್ದನ್ನು ಒಡೆದು ತೆಗೆಯಿರಿ. ಗೋಡೆಗೆ ಪೆಟ್ಟು ಬೀಳದ ಹಾಗೆ ಸಣ್ಣ ಉಳಿಯಲ್ಲಿ.

ಇನ್ನು ನೀವು ಕೇಳಿದ ಅಂಚು. ವಿನೈಲನ್ನು ಕಾಲುವೆಗೆ ಒಂದು ಸೆಂ.ಮೀ. ಮುಂಚೆ ನಿಲ್ಲಿಸಿ, ಅಲ್ಯೂಮಿನಿಯಂ ಎಲ್ ಪಟ್ಟಿ ಕೂರಿಸಿ. ಒಳಗೋಡೆ ಕಟ್ಟೋದಾದರೆ ಚೌಕಟ್ಟು ಕಾಲುವೆಯ ಈಚೆಗೆ, ಹಾಸಿನ ಮೇಲೆ ಬರಲಿ. ಅದರ ಹಿಂದೆ ಹಳೇ ಗೋಡೆಗೆ ಗುಬುಟಿನ ಪ್ಲಾಸ್ಟಿಕ್ ಹಾಳೆ ಹೊಡೆದು ಕೊನೆಯನ್ನು ಕಾಲುವೆಯೊಳಗೆ ಇಳಿಬಿಡಿ, ಜಿನುಗಿದ್ದು ಅದರ ಹಿಂದೆಯೇ ಇಳಿದುಹೋಗುತ್ತೆ. ಕಾಲುವೆ ಮೇಲೆ ಕೈಯಲ್ಲಿ ಎತ್ತೋಕೆ ಬರುವ ತುಂಡು ತುಂಡು ಜಾಲರಿ. ಏನೇ ಮಾಡಿದರೂ ಮೂಲೆಗಳನ್ನು ಮುಚ್ಚಬೇಡಿ, ನಾಳೆ ಕೈ ಹಾಕಿ ತೊಳೆಯೋದು ಅಲ್ಲೇ.

ಗಾರೆನೆಲ:
ತೆರೆದ ಜಾಲರಿಯಿಂದ ಮಣ್ಣಿನ ಗಾಳಿಯೂ ಮೇಲೆ ಬರುತ್ತೆ. ಗ್ರಾನೈಟ್ ನೆಲ ಇರೋ ಜಾಗಗಳಲ್ಲಿ ರೇಡಾನ್ ಅನ್ನೋ ವಿಕಿರಣ ಸೂಸುವ ಅನಿಲ ಹೆಚ್ಚಿರೋ ಸಾಧ್ಯತೆ ಇದೆ, ಆ ಕೋಣೆಯಲ್ಲಿ ಮಲಗೋರಿದ್ದರೆ ಅಳತೆ ಮಾಡಿಸಿ. ಇದು ಬೇರೆಯದೇ ವಿಷಯ, ಹೊಸ ಚರ್ಚೆ ತೆರೀತೀನಿ.

ಜೋಡಿಪಂಪು:
ನನ್ನ ಸಂಪಿಗೆ ರಬ್ಬರ್ ಗ್ಯಾಸ್ಕೆಟ್ ಹಾಕಿದ ಮುಚ್ಚಳ ಇದೆ, ಪಾರದರ್ಶಕ. ಮೇಲಿಂದಲೇ ನೀರು ಕಾಣುತ್ತೆ. ಫೋಟೋ ಅಲ್ಲೇ ಹಾಕ್ತೀನಿ.

ನೆಲದಡಿಮನೆ:
ಇವತ್ತು ಎರಡು ಮೀಟರ್ ಒಡೆದೆ. ಮೂರನೇ ಏಟಿಗೇ ಗಾರೆಯಡಿಯಿಂದ ನೀರು ನುಗ್ಗಿ ಬಂತು, ಹತ್ತು ನಿಮಿಷಕ್ಕೆ ಪಂಪ್ ಶುರುವಾಯಿತು. ತಳದಲ್ಲಿ ಕಿತ್ತಳೆ ಬಣ್ಣದ ಲೋಳೆ ಕೂತಿದೆ, ಮುಟ್ಟಿದರೆ ಜಾರುತ್ತೆ. ಇದೇನು?

ರಸಮಟ್ಟ:
ಕಬ್ಬಿಣದ ಅಂಶವಿರೋ ನೀರಿನಲ್ಲಿ ಬೆಳೆಯೋ ಬ್ಯಾಕ್ಟೀರಿಯಾ. ಕೆರೆದು ನೀರು ಬಿಟ್ಟು ತೊಳೆಯಿರಿ, ಅದು ಮತ್ತೆ ಬರುತ್ತೆ. ಮೂಲೆ ಮುಚ್ಚಬೇಡಿ ಅಂದಿದ್ದು ಇದಕ್ಕೇ. ಪೂರ್ತಿ ಒಡೆದ ಮೇಲೆ ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿದು ವಾಟ ನೋಡಿ. ಮೀಟರಿಗೆ ಒಂದು ಸೆಂ.ಮೀ. ಇಳಿದರೆ ಚೆನ್ನ, ಅರ್ಧ ಇದ್ದರೂ ನಡೆಯುತ್ತೆ.

ನೆಲದಡಿಮನೆ:
ಪೂರ್ತಿ ತೆಗೆದಾಯಿತು. ಬಕೆಟ್ ಸುರಿದೆ. ಬಾಗಿಲ ಎದುರು ಎರಡು ಬೆರಳು ಆಳಕ್ಕೆ ನಿಂತುಬಿಟ್ಟಿತು, ಅರ್ಧ ಗಂಟೆಯಾದರೂ ಕದಲಿಲ್ಲ. ಅಲ್ಲಿ ತಳವೇ ತಗ್ಗಾಗಿದೆ. ಸಾಮಾನು ಇಳಿಸೋದನ್ನು ಮುಂದಕ್ಕೆ ಹಾಕಿದೀನಿ. ತಗ್ಗಿಗೆ ಗಾರೆ ಹಾಕಿ ವಾಟ ಎಬ್ಬಿಸಲಾ, ಇಲ್ಲ ಪಂಪ್ ಕಡೆಯ ತಳ ಕೆತ್ತಿ ಇಳಿಸಲಾ?

ರಸಮಟ್ಟ:
ಹಾಸಿನ ತಳಕ್ಕಿಂತ ಮೇಲೆ ಬರೋ ಹಾಗೆ ಗಾರೆ ಎಬ್ಬಿಸಿದರೆ ಮತ್ತೆ ಅಷ್ಟು ನೀರು ಹಾಸಿನಡಿ ನಿಲ್ಲುತ್ತೆ. ಪಂಪ್ ಕಡೆ ಕೆತ್ತಿ. ಕೆತ್ತೋ ಮೊದಲು ಸಂಪಿನ ಬಾಯಿ ಎಷ್ಟು ಕೆಳಗಿದೆ ಅಂತ ನೀರು ತುಂಬಿದ ಟ್ಯೂಬ್ ಹಿಡಿದು ಅಳೆದು ಹೇಳಿ.