ಒಂದೇ ಐಪಿ, ಎರಡು ಆ್ಯಪ್: ಪ್ರಾಕ್ಸಿಯಲ್ಲಿ ದಾರಿ ಬೇರೆ ಮಾಡೋದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಆಫೀಸು. ಒಂದೇ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಒಂದೇ ಪಬ್ಲಿಕ್ ಐಪಿ. ಪೋರ್ಟ್ 3000ರಲ್ಲಿ ಗ್ರಾಹಕರ ಸೈಟು, 8080ರಲ್ಲಿ ಸ್ಟಾಕ್ ನೋಡೋ ಅಡ್ಮಿನ್ ಪುಟ, ಎರಡೂ ಡಾಕರ್‌ನಲ್ಲಿ (ಆ್ಯಪ್‌ಗಳನ್ನು ಬೇರೆ ಬೇರೆ ಕಂಟೇನರ್‌ಗಳಲ್ಲಿ ಓಡಿಸೋ ಸಾಫ್ಟ್‌ವೇರ್). ಮುಂದೆ ಪ್ರಾಕ್ಸಿ (ಬಂದವರನ್ನು ಸರಿಯಾದ ಆ್ಯಪ್‌ಗೆ ದಾಟಿಸೋ ಪ್ರೋಗ್ರಾಮ್) ಕೂರಿಸಿ, ಆಫೀಸಿನಿಂದ ಬಂದವರನ್ನು ಅಡ್ಮಿನ್‌ಗೆ, ಉಳಿದವರನ್ನು ಸೈಟಿಗೆ ಕಳಿಸಬೇಕು. ಆಮೇಲೆ ಸಿಡಿಎನ್ (ಸೈಟಿನ ನಕಲು ಇಟ್ಟುಕೊಂಡು ಜನರಿಗೆ ಹತ್ತಿರದ ಸರ್ವರ್‌ಗಳಿಂದ ಕೊಡೋ ಸೇವೆ) ಹಾಕೋ ಯೋಚನೆಯೂ ಇದೆ. ಮಾಡಿದವರು ಅನುಭವ ಹೇಳಿ.

ಹೋಸ್ಟಿಂಗ್ ಕೆಲಸದವನು: ಪ್ರಾಕ್ಸಿ ಆಮೇಲೆ ಸರ್, ಮೊದಲು ಹಿತ್ತಿಲ ಬಾಗಿಲು ಮುಚ್ಚಿ. ಡಾಕರ್‌ನಲ್ಲಿ 8080:8080 ಅಂತ ಬರೆದಿದ್ದರೆ ಯುಎಫ್‌ಡಬ್ಲ್ಯೂ (ಲಿನಕ್ಸ್ ಫೈರ್‌ವಾಲ್) ಎಷ್ಟೇ ಬಿಗಿಯಾಗಿದ್ದರೂ ಪೋರ್ಟ್ ಹೊರಗೆ ತೆರೆದೇ ಇರುತ್ತೆ. ಡಾಕರ್ ತನ್ನದೇ ನ್ಯಾಟ್ (ಐಪಿ ವಿಳಾಸ ಬದಲಿಸೋ) ನಿಯಮ ಹಾಕಿಕೊಳ್ಳುತ್ತೆ, ಪ್ಯಾಕೆಟ್ ಯುಎಫ್‌ಡಬ್ಲ್ಯೂ ನಿಯಮಗಳ ಹತ್ತಿರ ಹೋಗೋದೇ ಇಲ್ಲ. 127.0.0.1:8080:8080 ಅಂತ ಬರೆಯಿರಿ, ಆಗ ಪೋರ್ಟ್ ಸರ್ವರ್ ಒಳಗಿನಿಂದ ಮಾತ್ರ ಸಿಗುತ್ತೆ. ಹೊರಗೆ 80 ಮತ್ತು 443 (ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಪೋರ್ಟ್‌ಗಳು) ಮಾತ್ರ ಕಾಣಲಿ. ಪೋರ್ಟ್ ನೋಡಿ ಕಳಿಸೋದು ಇಲ್ಲಿಗೆ ಮುಗೀತು, ಅದರಲ್ಲಿ ಕಷ್ಟ ಏನೂ ಇಲ್ಲ.

ಎಚ್‌ಎಪ್ರಾಕ್ಸಿ ಬಳಸುವವಳು: ಎಲ್ಲಿಂದ ಬಂದರು ಅಂತ ನೋಡೋಕೆ ಎಚ್‌ಎಪ್ರಾಕ್ಸಿ ಅನ್ನೋ ಪ್ರಾಕ್ಸಿ ಸಾಫ್ಟ್‌ವೇರ್ ನನಗೆ ಇಷ್ಟ. ಸೋರ್ಸ್ ಐಪಿಗಳನ್ನು (ಬರುವವರ ವಿಳಾಸ) ಒಂದು ಫೈಲಲ್ಲಿಟ್ಟು ಎಸಿಎಲ್ (ಹೋಲಿಸಿ ನೋಡೋ ನಿಯಮ) ಮಾಡಿ, ಹೊಂದಿದರೆ ಅಡ್ಮಿನ್ ಬ್ಯಾಕೆಂಡ್, ಇಲ್ಲದಿದ್ದರೆ ಡಿಫಾಲ್ಟ್, ಅಂದರೆ ಗ್ರಾಹಕರ ಸೈಟು. ಇನ್ನೊಂದು ಪ್ರಾಕ್ಸಿ ಎಂಜಿನ್‌ಎಕ್ಸ್‌ನಲ್ಲಿ 'ಜಿಯೋ' ಅನ್ನೋ ಸೆಟ್ಟಿಂಗ್ ಇದೇ ಕೆಲಸ ಮಾಡುತ್ತೆ. ಆದರೆ ಒಂದೇ ವಿಳಾಸದಲ್ಲಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ತೋರಿಸಬೇಡಿ. ನಾಳೆ ಸಿಡಿಎನ್ ಬಂದು ಅಡ್ಮಿನ್ ಪುಟವನ್ನು ಕ್ಯಾಶ್ ಮಾಡಿಕೊಂಡರೆ ನಿಮ್ಮ ಸ್ಟಾಕ್ ಪಟ್ಟಿ ಗ್ರಾಹಕರ ಮುಂದೆ! ಅಡ್ಮಿನ್‌ಗೆ ಬೇರೆ ಸಬ್‌ಡೊಮೇನ್ ಕೊಡಿ, ಐಪಿ ತಪಾಸಣೆ ಅಲ್ಲಿ ಮಾತ್ರ ಇರಲಿ.

ಇನ್ನೊಬ್ಬರು: ಸಿಡಿಎನ್ ಬಂದಮೇಲೆ ಕಥೆ ಬದಲಾಗುತ್ತೆ. ನಿಮ್ಮ ಪ್ರಾಕ್ಸಿಗೆ ಕಾಣೋ ಐಪಿ ಸಿಡಿಎನ್‌ದು, ಜನರದ್ದಲ್ಲ. ಜನರ ಅಸಲಿ ಐಪಿ ಹೇಳೋ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ನೋಡಿದರಾಯ್ತು ಅಂತಾರೆ. ಅದು ಪತ್ರದ ಮೇಲೆ ಬರೆದ 'ಇಂದ' ವಿಳಾಸ ಇದ್ದಹಾಗೆ, ಯಾರು ಏನು ಬೇಕಾದರೂ ಬರೀಬಹುದು. ಎಂಜಿನ್‌ಎಕ್ಸ್‌ನ ಸೆಟ್_ರಿಯಲ್_ಐಪಿ_ಫ್ರಮ್‌ನಲ್ಲಿ (ಯಾರಿಂದ ಬಂದ ಹೆಡರ್ ನಂಬಬೇಕು ಅನ್ನೋ ಸೆಟ್ಟಿಂಗ್) ಸಿಡಿಎನ್ ಪ್ರಕಟಿಸಿರೋ ರೇಂಜ್‌ಗಳನ್ನು ಮಾತ್ರ ಹಾಕಿ, ಫೈರ್‌ವಾಲ್‌ನಲ್ಲೂ 443ಕ್ಕೆ ಅವರಿಗಷ್ಟೇ ದಾರಿ ಬಿಡಿ. ಎರಡರಲ್ಲಿ ಒಂದನ್ನೇ ಮಾಡಿದರೆ ಅರ್ಧ ಕೆಲಸ. ಟಿಸಿಪಿ ಮಟ್ಟದಲ್ಲೇ (ಹೆಡರ್ ಮುಟ್ಟದೆ) ಎರಡು ಪ್ರಾಕ್ಸಿ ಜೋಡಿಸೋದಾದರೆ, ಅಸಲಿ ಐಪಿಯನ್ನು ಕನೆಕ್ಷನ್ ಶುರುವಿನಲ್ಲೇ ದಾಟಿಸೋ ಪ್ರಾಕ್ಸಿ ಪ್ರೋಟೋಕಾಲ್ ಬಳಸಿ. ಎರಡೂ ಕಡೆ ಆನ್ ಇರಬೇಕು, ಒಂದೇ ಕಡೆ ಇದ್ದರೆ ಕನೆಕ್ಷನ್ನೇ ಕೂಡಲ್ಲ.

ನೆಟ್‌ವರ್ಕ್ ಅಡ್ಮಿನ್: ನನ್ನ ಕೇಳಿದರೆ ಐಪಿ ನಂಬೋದೇ ಬೇಡ. ಆಫೀಸಿನ ಬ್ರಾಡ್‌ಬ್ಯಾಂಡ್‌ಗೆ ಸ್ಟ್ಯಾಟಿಕ್ ಐಪಿ ಇದೆಯಾ? ಇಲ್ಲದಿದ್ದರೆ ರೂಟರ್ ರೀಸ್ಟಾರ್ಟ್ ಆದಾಗ ಅಡ್ಮಿನ್ ಪುಟ ಕೈತಪ್ಪಬಹುದು. ಮೊಬೈಲ್ ಡೇಟಾದಲ್ಲಂತೂ ಸಿಜಿನ್ಯಾಟ್ (ಕಂಪನಿ ಒಂದೇ ಐಪಿಯನ್ನು ಹಂಚೋ ವ್ಯವಸ್ಥೆ), ಒಂದು ಐಪಿ ಹಿಂದೆ ಎಷ್ಟೋ ಜನ. ಐಪಿವಿ6 ಮರೆತರೆ ಇನ್ನೊಂದು ತಮಾಷೆ: ಪಟ್ಟಿಯಲ್ಲಿ ವಿ4 ಮಾತ್ರ, ಸಿಬ್ಬಂದಿ ಬರೋದು ವಿ6ನಲ್ಲಿ, ಪ್ರಾಕ್ಸಿ ಅವರನ್ನೂ ಗ್ರಾಹಕರು ಅಂದ್ಕೊಳ್ಳುತ್ತೆ. ವೈರ್‌ಗಾರ್ಡ್ (ಕೀ ಇದ್ದವರಿಗಷ್ಟೇ ತೆರೆಯೋ ವಿಪಿಎನ್ ಟನಲ್) ಹಾಕಿ, ಯುಡಿಪಿಯ ಒಂದು ಪೋರ್ಟ್ ಸಾಕು, ರೂಢಿಯಲ್ಲಿ 51820. ಅಡ್ಮಿನ್‌ಗೆ ಟನಲ್ ಒಳಗಿನ ಐಪಿಗಳಿಗೆ ಮಾತ್ರ ಅನುಮತಿ. ಆಗ ಸೋರ್ಸ್ ಐಪಿ ಅನ್ನೋದಕ್ಕೆ ಅರ್ಥ ಬರುತ್ತೆ, ಯಾಕೆಂದರೆ ಆ ಐಪಿ ಹಿಂದೆ ಒಂದು ಕೀ ಇದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸಬ್‌ಡೊಮೇನ್ ಮತ್ತು ವೈರ್‌ಗಾರ್ಡ್ ಮಾಡ್ತೀನಿ. ಆದರೆ ಒಳಗಿನ ಸಬ್‌ಡೊಮೇನ್‌ಗೆ ಲೆಟ್ಸ್ ಎನ್‌ಕ್ರಿಪ್ಟ್‌ನವರ ಉಚಿತ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಸಿಗುತ್ತಾ?

ಹೋಸ್ಟಿಂಗ್ ಕೆಲಸದವನು: ಸಿಗುತ್ತೆ. ಡೊಮೇನ್ ನಿಮ್ಮದೇನಾ ಅಂತ ಅವರು ಯಾವ ಐಪಿಗಳಿಂದ ಪರೀಕ್ಷಿಸ್ತಾರೆ ಅನ್ನೋದನ್ನ ಪ್ರಕಟಿಸಲ್ಲ, ಹಾಗಾಗಿ 80ಕ್ಕೂ ಐಪಿ ತಡೆ ಹಾಕಿದ್ದರೆ ಎಚ್‌ಟಿಟಿಪಿ ವಿಧಾನ ನಡೆಯಲ್ಲ. ಡಿಎನ್‌ಎಸ್ ವಿಧಾನ ಆರಿಸಿಕೊಳ್ಳಿ, ಡೊಮೇನಿನ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ (ಪಠ್ಯದ) ರೆಕಾರ್ಡ್ ಇದ್ದರೆ ಸಾಕು. ಎಲ್ಲ ಆದಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ 8080 ತೆರೆಯುತ್ತಾ ನೋಡಿ ಹೇಳಿ, ತೆರೆಯಬಾರದು.